ಬಾವಿಗೆ ಮದ್ದು ಹಾಕಿದ ಮಳೆಗಾಲ

ಆಗ ನಮಗೆ ಹೆಜಮಾಡಿಯಲ್ಲಿ ಮಳೆ ಜೋರಾದರೆ ಖುಷಿಯೋ ಖುಷಿ, ಡಿ.ಸಿ. ಶಾಲೆಗೆ ರಜೆ ಕೊಡುತ್ತಿದ್ದರು. ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಮಾತ್ರ ಹೊಳೆಯೇ ಅಂಗಳಕ್ಕೆ ಬಂತು. ಎರಡು ದಿನ ಶಾಲೆಯ ಜಗಲಿಯಲ್ಲಿ ಗಂಜಿ, ಉಪ್ಪಿನಕಾಯಿ ಉಂಡು ಮನೆಗೆ ಮರಳಿದರೆ ಎಲ್ಲೆಲ್ಲೂ ಕೆಸರು, ಕೊಳೆತ ವಾಸನೆ. ಕಕ್ಕಸಿನ ಗುಂಡಿ ತುಂಬಿ ಹರಿದಿತ್ತು. ನೆರೆನೀರು ಕಟ್ಟೆ ದಾಟಿ ಬಾವಿಯೊಳಗೂ ಇಳಿದಿತ್ತು. ನಾನೂ ತಮ್ಮನೂ ಬಾವಿಗೆ ಬಗ್ಗಿ ಕಪ್ಪೆ ಲೆಕ್ಕ ಮಾಡಿದೆವು. ಹದಿನೇಳು!

ಕಡಲ ಬದಿಯ ಊರಲ್ಲಿ ಸಿಹಿನೀರಿನ ಬಾವಿ ಸಣ್ಣ ಸಂಗತಿಯಲ್ಲ. ಓಣಿಯವರೆಲ್ಲ ನಮ್ಮಲ್ಲಿಂದಲೇ ನೀರು ಹೊರುತ್ತಿದ್ದರು. ಅಜ್ಜಿಗೆ ಅದರ ಜಂಬ ಇಷ್ಟಿಷ್ಟಲ್ಲ. ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ, ನೀರು; ಮಾತು ಆಮೇಲೆ.

ಮರುದಿನವೇ ತಮ್ಮನಿಗೆ ಭೇದಿ ಶುರುವಾಯಿತು. ಆಚೆಮನೆಯ ಇಬ್ಬರು ಮಕ್ಕಳಿಗೂ. ಆರೋಗ್ಯ ಕೇಂದ್ರದ ಸಿಸ್ಟರ್ ಬ್ಲೀಚಿಂಗ್ ಪುಡಿಯ ಚೀಲ ಹಿಡಿದು ಕೆಸರು ತುಳಿಯುತ್ತಾ ಬಂದರು. ತಾವೇ ತಂದ ನೀರಿನಲ್ಲಿ ಓ.ಆರ್.ಎಸ್. ಕಲಸಿ ತಮ್ಮನಿಗೆ ಕುಡಿಸಿದರು. "ಅಜ್ಜಿ, ಬಾವಿ ಖಾಲಿ ಮಾಡಿಸಿ. ಮದ್ದು ಹಾಕಬೇಕು" ಎಂದರು.

"ನನ್ನ ಬಾವಿಗೆ ಎಂತ ಕಾಯಿಲೆ? ಹೊಸ ಬೈರಾಸಿನಲ್ಲಿ ಏಳು ಸಲ ಸೋಸಿದ್ದೇನೆ!"

ಅಜ್ಜಿಯ ಲೆಕ್ಕದಲ್ಲಿ ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು, ಗಂಗೆಯೇ. ತಮ್ಮ ಚಾಪೆಯ ಮೇಲೆ ಬಾಡಿದ ಬಸಳೆಯ ಹಾಗೆ ಬಿದ್ದಿದ್ದ. ಅವನು ಸತ್ತೇ ಹೋಗುತ್ತಾನೆ ಎಂದು ನನಗೆ ಹೆದರಿಕೆ. ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಅಷ್ಟು ವಾದ ಮಾಡಿದರೂ ಅಜ್ಜಿ ರೂಢಿ ತಪ್ಪಿಸಲಿಲ್ಲ, ಬೆಲ್ಲ, ನೀರು ತಂದಿಟ್ಟರು. ಬೆಳಗಿನಿಂದ ನಡೆದ ಸಿಸ್ಟರ್ ಅವರ ತುಟಿ ಒಣಗಿತ್ತು. ಆದರೂ ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡು ಚೆಂಬನ್ನು ಹಿಂದೆ ಸರಿಸಿದರು.

"ನಮ್ಮ ಮನೆಯ ನೀರು ಬೇಡವಾ ನಿಮಗೆ?" ಅಜ್ಜಿಯ ಸ್ವರವೇ ಇಳಿದುಹೋಗಿತ್ತು.

"ಬೇಕು ಅಜ್ಜಿ. ಬಾವಿ ಚೊಕ್ಕ ಆಗಲಿ, ನಾಡಿದ್ದು ಕುಡಿಯಲಿಕ್ಕೆಂದೇ ಬರುತ್ತೇನೆ."

ಅಜ್ಜಿ ಒಳಗೆ ಹೋಗಿ ಪಾತ್ರೆಗಳನ್ನೆಲ್ಲ ದಡಬಡ ಕುಕ್ಕಿದರು. ಆಮೇಲೆ ಬೇಲಿಯ ಹತ್ತಿರ ನಿಂತು ನೆರೆಮನೆಯ ಹಮೀದಾಕನನ್ನು ಕೂಗಿದರು, "ಹಮೀದಾ, ನಿನ್ನ ಪಂಪ್‌ಸೆಟ್ ಉಂಟಲ್ವಾ? ತಾ ಮಾರಾಯ!"

ಸಂಜೆಯವರೆಗೆ ನೀರು ಎಳೆದರು, ತಳದ ಕೆಸರು ತೆಗೆದರು. ಹೊಸ ಒರತೆ ಬಂದ ಮೇಲೆ ಪುಡಿ ಬಿತ್ತು. ಕಪ್ಪೆಗಳನ್ನು ಗದ್ದೆಗೆ ಬಿಡುವ ಕೆಲಸ ನನ್ನದು. ಒಂದು ವಾರ ನಮ್ಮ ಅನ್ನ, ಸಾರು, ಚಹಾ ಎಲ್ಲಕ್ಕೂ ಬ್ಲೀಚಿಂಗ್ ವಾಸನೆಯೇ. ತಮ್ಮ ಚೇತರಿಸಿಕೊಂಡು ಒಣಮೀನಿನ ಚಟ್ನಿಗೆ ಹಠ ಹಿಡಿದ.

ಹೇಳಿದ ದಿನವೇ ಸಿಸ್ಟರ್ ಬಂದರು. ಅಜ್ಜಿ ಕುದಿಸಿ ಆರಿಸಿದ ನೀರು ಕೊಟ್ಟು, ಅವರ ಗಂಟಲನ್ನೇ ನೋಡುತ್ತಾ ನಿಂತರು. ಸಿಸ್ಟರ್ ಇಡೀ ಚೆಂಬು ಖಾಲಿ ಮಾಡಿ, "ಇನ್ನೊಂದು ಸ್ವಲ್ಪ ಉಂಟಾ ಅಜ್ಜಿ?" ಎಂದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೋಡಿದರು.

ಈಗ ನನ್ನ ಮನೆಯಲ್ಲಿ ನಳ್ಳಿ ನೀರು ಉಂಟು, ಫಿಲ್ಟರ್ ಉಂಟು, ಮಕ್ಕಳಿಗೆ ಭೇದಿಯ ಭಯವಿಲ್ಲ. ದೇವರು ದೊಡ್ಡವನು. ಬರುವ ನೆಂಟರೆಲ್ಲ ತಮ್ಮ ತಮ್ಮ ಬಾಟಲಿ ಹಿಡಿದೇ ಬರುತ್ತಾರೆ. ನಮ್ಮ ಮನೆಯ ನೀರು ಕುಡಿಯಲಿಕ್ಕೆಂದೇ ನಡೆದು ಬಂದವರು ಆಮೇಲೆ ಯಾರೂ ಇಲ್ಲ.