ತಡೆದದ್ದಕ್ಕೆ ಮಾತ್ರ ಲೆಕ್ಕ

ಹೊಟ್ಟೆಕಿಚ್ಚಿನ ಬಗ್ಗೆ ಬರೆಯುವಾಗ ಹೆಸರು ಬದಲಿಸುವುದು ಒಳ್ಳೆಯದು. ಆದ್ದರಿಂದ ನನ್ನ ಚಿಕ್ಕಮ್ಮನ ಮಗಳನ್ನು ಇಲ್ಲಿ ರೇಖಾ ಎನ್ನುತ್ತೇನೆ. ಅವಳು ಹರಿಹರದವಳು, ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಇಬ್ಬರೂ ಈವರೆಗೆ ಚೆಂಡು ಒದ್ದವರಲ್ಲ. ಆದರೂ ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ತಲಾ ಒಂದು ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರುಗಳು. ಆಟಗಾರರನ್ನು ಆರಿಸುವುದು, ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವುದು ನಮ್ಮ ಕೆಲಸ, ಆಡುವುದು ಕಂಪ್ಯೂಟರು, ಗೆಲ್ಲುವುದು ರೇಖಾ.

ಕಾರಣ ಹುಡುಕುತ್ತ ಒಂದು ಭಾನುವಾರ ಅವಳ ತಂಡದ ಅಂಕಿಅಂಶ ತೆರೆದೆ. ‘ಬ್ಲಾಕ್’ ಎಂಬ ಅಂಕಣದಲ್ಲಿ ಅವಳ ಡಿಫೆಂಡರನೊಬ್ಬ ಇಡೀ ಲೀಗಿಗೇ ಮೊದಲಿಗ. ಅದೇ ಜಾಗದಲ್ಲಿ ಆಡುವ ನನ್ನವನ ಹೆಸರಿನ ಮುಂದೆ ಹೆಚ್ಚುಕಡಿಮೆ ಸೊನ್ನೆ. ಸಹಿಸಲಾಗಲಿಲ್ಲ. ಇಬ್ಬರನ್ನೂ ಅದಲುಬದಲು ಮಾಡೋಣವೇ ಎಂದು ಕೇಳಿದೆ. ಅವಳು ಯೋಚಿಸಲೂ ಇಲ್ಲ.

“ತಗಾ ಅಕ್ಕ. ನಿನ್ನ ಮೂಕಬಸವನ್ನ ನನಗ ಕೊಡು,” ಎಂದಳು.

ಆಮೇಲೆ ನಾನು ಇನ್ನೂ ಹೆಚ್ಚು ಸೋಲತೊಡಗಿದೆ. ಆಗ ಕೂತು ಲೆಕ್ಕದ ನಿಯಮ ಓದಿದೆ, ಮೊದಲೇ ಓದಬೇಕಿತ್ತು. ಎದುರಾಳಿ ಗೋಲಿನತ್ತ ಒದ್ದ ಚೆಂಡು ನಮ್ಮವನ ಮೈಗೆ ಬಡಿದು ನಿಂತರೆ ಒಂದು ಬ್ಲಾಕ್. ನಮ್ಮವನು ಮೊದಲೇ ಸರಿಯಾದ ಜಾಗದಲ್ಲಿ ನಿಂತಿದ್ದರಿಂದ ಎದುರಾಳಿ ಒದೆಯಲು ದಾರಿ ಕಾಣದೆ ಚೆಂಡನ್ನು ಹಿಂದಕ್ಕೆ ಕೊಟ್ಟರೆ ಏನೂ ಇಲ್ಲ. ಆಗದೇ ಹೋದ ಹೊಡೆತವನ್ನು ಯಾವ ಅಂಕಣದಲ್ಲಿ ಬರೆಯುವುದು? ಸಾಲದ್ದಕ್ಕೆ, ಹೆಚ್ಚು ದಾಳಿ ಎದುರಿಸುವ ತಂಡದವರಿಗೇ ಬ್ಲಾಕಿನ ಅವಕಾಶವೂ ಹೆಚ್ಚು. ಬರಿಯ ಎಣಿಕೆ ನೋಡಬೇಡಿ, ಎಷ್ಟರಲ್ಲಿ ಎಷ್ಟು ಎಂದು ಕೇಳಿ ಅಂತ ಪ್ರತಿ ವರ್ಷ ಮೊದಲ ತರಗತಿಯಲ್ಲಿ ಮಕ್ಕಳಿಗೆ ಹೇಳುವವಳು ನಾನೇ.

ನಮ್ಮ ಮನೆಯ ಲೆಕ್ಕವೂ ಹೀಗೇ. ಎಸ್.ಎಸ್. ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ಒಲೆಯ ಉರಿ ಸಣ್ಣಗಾದ ಕೂಡಲೇ ಸಿಲಿಂಡರ್ ಬದಲಿಸಿ, ಮುಂದಿನದಕ್ಕೆ ಬುಕ್ ಮಾಡುವವಳು ನಾನು. ಅಮ್ಮನಿಗೆ ರೆಗ್ಯುಲೇಟರ್ ಮುಟ್ಟಲು ಭಯ. ಕಳೆದ ವರ್ಷ ನಾನು ಪರೀಕ್ಷೆಯ ಕೆಲಸಕ್ಕೆ ಹೋಗಿದ್ದ ದಿನ, ನೆಂಟರು ಊಟಕ್ಕೆ ಕೂರುವ ಹೊತ್ತಿಗೆ ಗ್ಯಾಸ್ ಮುಗಿಯಿತು. ಅಲ್ಲಿದ್ದ ರೇಖಾ ಬದಲಿಸಿದಳು. ಅವಳಿದ್ದದ್ದಕ್ಕೆ ಮಾನ ಉಳಿಯಿತೆಂದು ಅಮ್ಮ ನಂದಿಗುಡಿಯ ಬಳಗದವರೆಗೂ ಹೇಳಿಕೊಂಡು ಬಂದಳು. ರೇಖಾಳಿಗೆ ಒಂದು ಬ್ಲಾಕ್. ನನಗೆ ಸೊನ್ನೆ.

ಅಮ್ಮನ ಬಾಯಲ್ಲಿ ಒಮ್ಮೆಯಾದರೂ ನನ್ನ ಹೆಸರು ಹಾಗೆ ಬರಲೆಂಬ ಆಸೆ. ಹೋದ ತಿಂಗಳು ಉರಿ ಸಣ್ಣಗಾದದ್ದು ಕಂಡರೂ ಸುಮ್ಮನೆ ಬಂದು ಕೋಣೆಯಲ್ಲಿ ಕೂತೆ. ಮುಗಿಯಲಿ, ಅಮ್ಮ ಕೂಗಲಿ, ಆಗ ಹೋಗಿ ಕಾಪಾಡುತ್ತೇನೆ ಎಂದುಕೊಂಡೆ. ಒಲೆ ಆರಿತು. ಅಮ್ಮ ಕೂಗಲಿಲ್ಲ, ಹರಿಹರಕ್ಕೆ ಫೋನ್ ಮಾಡಿದಳು. ಕೈಯೆಲ್ಲ ಹಿಟ್ಟಾಗಿದ್ದರಿಂದ ಸ್ಪೀಕರ್ ಹಾಕಿದ್ದಳು.

“ರೇಖಾ, ಗ್ಯಾಸ್ ಖಾಲಿ ಆತು. ಅದನ್ನ ಹೆಂಗೆ ಹಾಕಾದು ಹೇಳವ್ವ.”

ರೇಖಾಳ ದನಿ ನನ್ನ ಕೋಣೆಗೂ ಕೇಳಿತು.

“ನಿಮ್ಮ ಮನ್ಯಾಗ ಖಾಲಿ ಆತಾ? ಯಾಕ ದೊಡ್ಡಮ್ಮ, ಅಕ್ಕನಿಗೆ ಹುಷಾರಿಲ್ಲೇನು?”

ನಾನು ಎದ್ದು ಹೋಗಿ ಸಿಲಿಂಡರ್ ಬದಲಿಸಿದೆ. ಅಮ್ಮ ಮತ್ತೆ ರೊಟ್ಟಿ ತಟ್ಟಲು ಕೂತಳು. ಆಗದೇ ಹೋದದ್ದನ್ನೂ ಎಣಿಸುವವರು ಒಬ್ಬರಾದರೂ ಇದ್ದಾರೆಂದು ತಿಳಿದ ಮೇಲೆ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಆ ಕಣ್ಣೂ ರೇಖಾಳಿಗೇ ಇರಬೇಕೆ?