ಹುಲಿಗೆಮ್ಮ ಕೊಡಲ್ಲ ಅಂದ ಬೆಂಕಿ ಇಟ್ಟಿಗೆ

ದುಡ್ಡು ಜೇಬಿನಲ್ಲಿದೆ. ಸಾಮಾನು ಕಣ್ಣೆದುರಿಗಿದೆ. ಅಂಗಡಿ ಮಾಲೀಕ ಕೊಡುತ್ತೇನೆ ಅಂದಿದ್ದಾನೆ. ಆದರೂ ಅಲ್ಲಿ ಕೆಲಸಕ್ಕಿರುವ ಹೆಂಗಸು ‘ಇವನ್ನ ಕೊಡಂಗಿಲ್ಲ’ ಅಂದುಬಿಟ್ಟರೆ ಏನು ಮಾಡುತ್ತೀರಿ?

ನಮ್ಮಣ್ಣ ವಿರೂಪಣ್ಣ ಮಾಡಿದ್ದು ಇಷ್ಟೇ. ಮೊದಲು ಆಕೆಯನ್ನು ನೋಡಿದ. ಆಮೇಲೆ ಮಾಲೀಕನನ್ನು ನೋಡಿದ. ಕೊನೆಗೆ ನನ್ನನ್ನು ನೋಡಿದ. (ಅವನ ಬದುಕಿನಲ್ಲಿ ಏನೇ ಎಡವಟ್ಟಾದರೂ ಕಡೆಗೆ ತಪ್ಪು ನನ್ನದೇ. ತಂಗಿಯಾಗಿ ಹುಟ್ಟಿದವರಿಗೆಲ್ಲ ಇದು ಗೊತ್ತು.)

ಇದು ನಡೆದದ್ದು ಹೋದ ತಿಂಗಳು, ಹೊಸಪೇಟೆಯ ಹೊರಗಿನ ಒಂದು ಗುಜರಿ ಅಂಗಡಿಯಲ್ಲಿ. ನಾವು ಕೊಳ್ಳಲು ಹೋಗಿದ್ದು ಇಟ್ಟಿಗೆ. ಅದೂ ಹಳೆಯದು.

ಮೊದಲಿನಿಂದ ಹೇಳುತ್ತೇನೆ. ನನ್ನ ತವರು ಕಂಪ್ಲಿ. ಅಪ್ಪ ಕಟ್ಟಿದ ರೈಸ್ ಮಿಲ್ಲನ್ನು ಈಗ ಅಣ್ಣ ನಡೆಸುತ್ತಾನೆ. ಮಿಲ್ಲಿಗೊಂದು ಬಾಯ್ಲರ್ ಇದೆ. ಅದರ ಒಲೆಗೆ ಭತ್ತದ ಹೊಟ್ಟು ಸುರಿದರೆ ಉರಿ, ಉರಿಯಿಂದ ಹಬೆ, ಆ ಹಬೆಯಿಂದ ಭತ್ತ ಒಣಗಿಸುವ ಡ್ರೈಯರ್. ಒಲೆಯ ಒಳಗೋಡೆಗೆ ಮನೆ ಕಟ್ಟುವ ಇಟ್ಟಿಗೆ ನಡೆಯುವುದಿಲ್ಲ. ಎಂಥ ಉರಿಗೂ ಕರಗದ, ಬಿರಿಯದ ಬೆಂಕಿ ಇಟ್ಟಿಗೆಯೇ ಬೇಕು. ಮಿಲ್ಲಿನವರ ಬಾಯಲ್ಲಿ ಅದು ಫೈರ್ ಬ್ರಿಕ್. ಕೊಯ್ಲು ಜೋರಾಗಿದ್ದಾಗಲೇ ಆ ಗೋಡೆ ಕುಸಿದು ಒಲೆಯೊಳಗೆ ಬಿತ್ತು.

ಅಂಗಳದಲ್ಲಿ ಬುಕ್ಕಸಾಗರದ ರೈತರ ಭತ್ತ ರಾಶಿ ಬಿದ್ದಿತ್ತು. ಹಸಿ ಭತ್ತ. ರಾಶಿಯಲ್ಲೇ ಬಿಟ್ಟರೆ ಒಳಗೊಳಗೇ ಕಾವು ಹಿಡಿದು ಅಕ್ಕಿ ಹಳದಿಗೆ ತಿರುಗುತ್ತದೆ. ಮೇಲೊಂದು ಮಳೆ ಬಿದ್ದರಂತೂ ಮೊಳಕೆ. ‘ಒಣಗಿಸೋ ಜವಾಬ್ದಾರಿ ನಂದು, ತಂದು ಹಾಕ್ರಿ’ ಅಂತ ಅಣ್ಣನೇ ಮಾತು ಕೊಟ್ಟು ತರಿಸಿಕೊಂಡಿದ್ದ. ಈಗ ಊಟಕ್ಕೆ ಕೂತರೂ ಕಿಟಕಿಯಿಂದ ಆಕಾಶ ನೋಡುತ್ತಿದ್ದ.

ಸರಿ, ಫೈರ್ ಬ್ರಿಕ್ ಮಾರುವವನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ.

“ಸರ್, ಎರಡು ತಿಂಗಳಾಗ್ತದೆ.”

“ಎರಡು ತಿಂಗಳಾ? ನನಗ ಬೇಕಾಗಿರೋದು ಒಂದು ಲೋಡೂ ಇಲ್ಲ ಮಾರಾಯಾ.”

“ಅದಕ್ಕೇ ಸರ್ ತಡ. ಸ್ಟೀಲ್ ಪ್ಲಾಂಟ್‌ನೋರು ಹೊಸ ಫರ್ನೇಸ್ ಹಾಕ್ತಿದಾರೆ. ಮಾಲೆಲ್ಲ ಅಲ್ಲಿಗೇ ಹೋಗ್ತಿದೆ.”

ಕೆಲವು ವರ್ಷಗಳ ಹಿಂದೆ ಉಕ್ಕಿಗೆ ಬೇಡಿಕೆ ಕುಸಿದಾಗ ಇದೇ ಪುಣ್ಯಾತ್ಮ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಮಿಲ್ಲಿನ ಬಾಗಿಲಿಗೆ ಬಂದಿದ್ದ. ‘ಅಣ್ಣಾವ್ರೇ, ಬೇಕಾದಷ್ಟು ತಗೊಳ್ಳಿ, ಆಮೇಲೆ ಕೊಡಿ’ ಅಂದಿದ್ದ. ಆಗ ನಮಗೆ ಬೇಕಿರಲಿಲ್ಲ. ಈಗ ನಮಗೆ ಬೇಕು, ಅವನಿಗೆ ನಾವು ಬೇಕಿಲ್ಲ.

ಸಪ್ಲೈ ಚೈನ್, ಸಪ್ಲೈ ಚೈನ್ ಅಂತ ಟಿವಿಯಲ್ಲಿ ಕೋಟು ಹಾಕಿಕೊಂಡವರು ಮಾತಾಡುತ್ತಾರಲ್ಲ, ಅದೇನು ಅಂತ ನನಗೆ ಅವತ್ತು ಅರ್ಥವಾಯಿತು. ಅದು ಮದುವೆ ಮನೆಯ ಪಂಕ್ತಿ. ಮೊದಲ ಪಂಕ್ತಿಯಲ್ಲಿ ಉಕ್ಕಿನ ಕಾರ್ಖಾನೆಗಳು ಕೂರುತ್ತವೆ. ಎರಡನೆಯದರಲ್ಲಿ ಸಿಮೆಂಟಿನವರು. ರೈಸ್ ಮಿಲ್ಲು, ಬೆಲ್ಲದ ಆಲೆಮನೆ, ಮಂಡಕ್ಕಿ ಭಟ್ಟಿ ಇವೆಲ್ಲ ಕೊನೆಯ ಪಂಕ್ತಿ. ನಮ್ಮ ಎಲೆ ಹಾಕುವ ಹೊತ್ತಿಗೆ ಪಾಯಸ ಖಾಲಿ. ಸಾಲದ್ದಕ್ಕೆ ದೊಡ್ಡ ಕಾರ್ಖಾನೆಗಳಲ್ಲಿ ಈಗ ಎಷ್ಟೋ ಕಡೆ ಇಟ್ಟಿಗೆ ಜೋಡಿಸುವುದನ್ನೇ ಬಿಟ್ಟು, ಪುಡಿ ಕಲಸಿ ಸುರಿದು ಗೋಡೆ ಮಾಡುತ್ತಾರಂತೆ. ಆದ್ದರಿಂದ ನಮ್ಮಂಥವರ ಅಳತೆಯ ಇಟ್ಟಿಗೆ ಸುಡುವುದೇ ಕಡಿಮೆಯಾಗಿದೆ. ಯಾವುದೋ ದೇಶದಲ್ಲಿ ಯಾರಿಗೋ ಉಕ್ಕು ಬೇಕಾದರೆ ಕಂಪ್ಲಿಯಲ್ಲಿ ಭತ್ತ ಮೊಳಕೆಯೊಡೆಯುತ್ತದೆ. ಇದಕ್ಕೆ ಯಾರನ್ನು ಬೈಯೋಣ?

ಬೈಯಲು ಯಾರೂ ಸಿಗದಿದ್ದಾಗ ನಮ್ಮಣ್ಣ ತಲೆ ಓಡಿಸುತ್ತಾನೆ. ಅದೇ ಅಪಾಯ. ‘ಸಿಮೆಂಟಿಗಿಂತ ಗಟ್ಟಿ ಯಾವುದೈತಿ?’ ಅಂತ ಸಾದಾ ಇಟ್ಟಿಗೆಗೇ ದಪ್ಪಗೆ ಸಿಮೆಂಟ್ ಹಾಕಿಸಿ ಗೋಡೆ ಎಬ್ಬಿಸಿದ. ಮಿಲ್ಲಿನ ಮಿಸ್ತ್ರಿ ರಾಜಾಸಾಬ್ ಬ್ಯಾಡ ಬ್ಯಾಡ ಅಂದರೂ ಕೇಳಲಿಲ್ಲ. ಉರಿ ಹಚ್ಚಿದ ಅರ್ಧ ದಿನಕ್ಕೆ ಸಿಮೆಂಟು ಹಿಟ್ಟಿನ ಹಾಗೆ ಉದುರಿ, ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತು. ಸಂಜೆಯೊಳಗೆ ಅದೂ ನೆಲಕ್ಕೆ ಬಿತ್ತು. ರಾಜಾಸಾಬ್ ಬೀಡಿ ಹಚ್ಚಿಕೊಂಡು ಆ ಕಡೆ ಹೋದ. ಅಣ್ಣನಿಗೆ ಅದೇ ಹೆಚ್ಚು ಉರಿಯಿತು.

ಗುಜರಿ ಅಂಗಡಿಯ ಸುದ್ದಿ ತಂದದ್ದು ನಾನು. ಕಾರ್ಖಾನೆಗಳಲ್ಲಿ ಕುಲುಮೆ ನಿಲ್ಲಿಸಿ ಒಳಗೋಡೆ ಬದಲಾಯಿಸುವಾಗ ಕಿತ್ತ ಇಟ್ಟಿಗೆಯನ್ನು ಲಾರಿಗಟ್ಟಲೆ ಹೊರಗೆ ಹಾಕುತ್ತಾರೆ. ಅದನ್ನು ಕೊಂಡು, ಒಳ್ಳೆಯದನ್ನು ಆರಿಸಿ ಮಾರುವವರು ನಮ್ಮ ಹೊಸಪೇಟೆಯಲ್ಲೇ ಇದ್ದಾರೆ. ದೊಡ್ಡವರ ಎಲೆಯಲ್ಲಿ ಉಳಿದದ್ದು ಅಂತ ಅಣ್ಣ ಮೂಗು ಮುರಿದ. ಆದರೂ ಬಂದ.

ಅಲ್ಲಿ ಬೇವಿನ ಮರದ ಕೆಳಗೆ, ಬೋರಲು ಹಾಕಿದ ಬಕೆಟ್ ಮೇಲೆ ಹುಲಿಗೆಮ್ಮ ಕೂತಿದ್ದಳು. ಐವತ್ತು ದಾಟಿದ ವಯಸ್ಸು. ಕೈಯಲ್ಲೊಂದು ಸಣ್ಣ ಸುತ್ತಿಗೆ. ಒಂದೊಂದೇ ಇಟ್ಟಿಗೆ ಎತ್ತುವುದು, ಅಂಗೈಯಲ್ಲಿ ತೂಗುವುದು, ತಟ್ಟುವುದು, ಬಲಕ್ಕೋ ಎಡಕ್ಕೋ ಇಡುವುದು. ಅಣ್ಣ ಆಕೆಯನ್ನು ದಾಟಿಕೊಂಡು ಹೋಗಿ, ಚೊಕ್ಕಟವಾಗಿ ಮೂಲೆ ಮುರಿಯದೆ ಬೆಳ್ಳಗಿದ್ದ ಇಟ್ಟಿಗೆಗಳನ್ನು ತಾನೇ ಆರಿಸಿ ಒಟ್ಟಿದ. ಮಾಲೀಕ ಹೂಂ ಅಂದ. ಹುಲಿಗೆಮ್ಮ ಎದ್ದು ಬಂದು ನಾಲ್ಕು ಇಟ್ಟಿಗೆ ತಟ್ಟಿದಳು.

“ಇವನ್ನ ಕೊಡಂಗಿಲ್ಲ ಸಾವ್ಕಾರ್ರ.”

“ಯಾಕಬೇ? ಇಷ್ಟು ಚಂದ ಅದಾವ.”

“ಹೊರಗ ಚಂದ ಅದಾವ. ಒಳಗ ಬಿರುಕು ಬಿಟ್ಟಾವ. ಬಿಸಿ ಇದ್ದಾಗ ನೀರು ಹೊಡದು ಕೆಡವ್ಯಾರ. ಸಪ್ಪಳ ಕೇಳ್ರಿ.”

ತಟ್ಟಿದಳು. ‘ಠಪ್’ ಅಂತು. ಆಮೇಲೆ ತನ್ನ ಪಾಲಿನ ರಾಶಿಯಿಂದ ಕರ್ರಗೆ ಮಸಿ ಹಿಡಿದ, ಒಂದು ಮಗ್ಗುಲು ಗಾಜು ಕರಗಿ ಅಂಟಿದ ಹಾಗಿದ್ದ ಇಟ್ಟಿಗೆ ತೆಗೆದು ತಟ್ಟಿದಳು. ‘ಠಣ್’ ಅಂತು. ಹಂಪಿಯ ಸಂಗೀತದ ಕಂಬ ತಟ್ಟಿದರೆ ಕಾವಲುಗಾರ ಸೀಟಿ ಊದುತ್ತಾನೆ, ಇಲ್ಲಿ ಕೇಳುವವರಿಲ್ಲ ಅಂತ ನಾನು ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ಮಾಲೀಕನಿಗೆ ವ್ಯಾಪಾರದ ಚಿಂತೆ. “ಕೊಡವಾ, ಅವರ ಕೇಳಾಕತ್ಯಾರ. ನಮಗೇನು?” ಅಂದ.

ಹುಲಿಗೆಮ್ಮ ದನಿ ಏರಿಸಲಿಲ್ಲ. “ನೀವು ಕೊಡ್ರಿ. ಅಂಗಡಿ ನಿಮ್ಮದು. ಹುಲಿಗೆಮ್ಮ ಆರಿಸಿದ್ದು ಅಂತ ಮಾತ್ರ ಎಲ್ಲೂ ಹೇಳಬ್ಯಾಡ್ರಿ.”

ಅಷ್ಟೇ. ಅಣ್ಣ ಒಟ್ಟಿದ್ದ ಇಟ್ಟಿಗೆಗಳನ್ನು ಮಾಲೀಕ ತಾನೇ ಪಕ್ಕಕ್ಕೆ ಸರಿಸಿದ. ಅಂಗಡಿ ಅವನದಾದರೂ ಗಿರಾಕಿ ಬರುವುದು ಯಾರ ಹೆಸರಿಗೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವತ್ತು ಮಧ್ಯಾಹ್ನದವರೆಗೆ ಆಕೆ ನಮಗೆ ಇಟ್ಟಿಗೆ ಆರಿಸಿಕೊಟ್ಟಳು. ಭಾರ ಹೆಚ್ಚಿದ್ದನ್ನು ತಟ್ಟದೆಯೇ ಪಕ್ಕಕ್ಕಿಟ್ಟಳು. ಅದು ಕಾದ ಉಕ್ಕು ಹಿಡಿಯುವ ಪಾತ್ರೆಗೆ ಮಾಡಿದ್ದಂತೆ, ಹಸಿ ತಾಗಿದರೆ ಹಾಳಂತೆ, ಮಿಲ್ಲಿನ ಒಲೆಗೆ ಹೊಂದುವುದಿಲ್ಲವಂತೆ. ಇದನ್ನೆಲ್ಲ ಯಾರು ಕಲಿಸಿದರು ಅಂತ ಕೇಳಿದೆ.

“ಯಾರು ಕಲಸ್ತಾರ ಅಕ್ಕಾರ? ಸಂಡೂರು ಗುಡ್ಡದಾಗ ಇಪ್ಪತ್ತು ವರ್ಷ ಅದಿರು ಆರಿಸೀನಿ. ಒಳ್ಳೆ ಕಲ್ಲು ಕೈಯಾಗ ಬಂದ ಕೂಡ್ಲೆ ಗೊತ್ತಾಗತೈತಿ. ಆಮ್ಯಾಲ ಗಣಿ ಬಂದ್ ಆದ್ವು. ಮತ್ತ ಶುರುವಾದಾಗ ಮಷಿನ್ ಬಂದಿದ್ವು. ಮಷಿನ್‌ಗೆ ನಾವು ಬ್ಯಾಡಾದ್ವಿ. ಕೈ ಏನು ಮರೀತೈತೇನು?”

ಹೊರದೇಶದವರು ನಮ್ಮ ಗುಡ್ಡದ ಮಣ್ಣಿಗೂ ಮುಗಿಬಿದ್ದ ಕಾಲ ನಮಗೆಲ್ಲ ನೆನಪಿದೆ. ಯಾರು ಕಾರು ಕೊಂಡರು, ಯಾರು ಬಂಗಲೆ ಕಟ್ಟಿದರು ಅಂತ ಈಗಲೂ ಮಾತಾಡುತ್ತೇವೆ. ಆ ಅದಿರನ್ನು ಕೈಯಲ್ಲಿ ತೂಗಿ ತೂಗಿ ಬೇರೆ ಮಾಡಿದ ಹೆಂಗಸರು ಆಮೇಲೆ ಎಲ್ಲಿಗೆ ಹೋದರು ಅಂತ ನಾನು ಕೇಳಿರಲಿಲ್ಲ. ಇಷ್ಟು ವರ್ಷ ಅಂಕಣ ಬರೆದೂ ಕೇಳಿರಲಿಲ್ಲ. ನಾಚಿಕೆಯಾಯಿತು.

ನಾನೂ ಕಣ್ಣು ಮುಚ್ಚಿಕೊಂಡು ತಟ್ಟಿ ನೋಡಿದೆ. ಆರಕ್ಕೆ ನಾಲ್ಕು ತಪ್ಪು. (ಎಂ.ಎ. ಓದಿದ್ದೇನೆ ಅಂತ ಆಕೆಗೆ ಹೇಳಲಿಲ್ಲ.)

ಲೋಡು ತುಂಬಿದ ಮೇಲೆ ಹುಲಿಗೆಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಗಾಡಿ ಹತ್ತಿದಳು. “ನಿಮ್ಮ ಮಿಸ್ತ್ರಿ ಇಟ್ಟಂಗಿ ಮುಖ ತಿರುಗಾಮುರುಗಾ ಮಾಡಿ ಇಟ್ಟ ಅಂದ್ರ ಹೆಸರು ಕೆಡೋದು ನಂದು,” ಅಂದಳು.

ಕಂಪ್ಲಿಯಲ್ಲಿ ರಾಜಾಸಾಬ್ ಮೊದಲು ಮುಖ ಗಂಟಿಕ್ಕಿಕೊಂಡ. ನಲವತ್ತು ವರ್ಷ ಇದೇ ಕೆಲಸ ಮಾಡಿದ ಮಿಸ್ತ್ರಿಗೆ ಇಟ್ಟಿಗೆ ಇಡುವುದನ್ನು ಇನ್ನೊಬ್ಬರು ಬಂದು ಹೇಳುವುದೆಂದರೆ? ಹುಲಿಗೆಮ್ಮ ಒಂದೇ ಮಾತು ಹೇಳಿದಳು. “ಮಾವಾರ, ಇವು ಒಂದು ಸಲ ಬೆಂಕಿ ಕಂಡಾವ. ಬೆಂದ ಮುಖ ಹಿಂದಕ್ಕ ಹಾಕ್ರಿ, ಬೇಯದ ಮುಖ ಉರಿ ಕಡಿಗೆ ಕೊಡ್ರಿ.” ರಾಜಾಸಾಬ್ ಇಟ್ಟಿಗೆ ತಿರುಗಿಸಿ ನೋಡಿದ. ಹೌದಲ್ಲ ಅನ್ನಿಸಿರಬೇಕು. ಆಮೇಲೆ ಇಬ್ಬರೂ ಸೇರಿ ಕೆಲಸ ಮಾಡಿದರು. ಆಕೆ ತಟ್ಟಿ ಕೊಡುವುದು, ಆತ ಉರಿ ತಾಳುವ ಬೆಂಕಿ ಮಣ್ಣಿನ ಕೆಸರಿನಲ್ಲಿ ಅದ್ದಿ ಕೂರಿಸುವುದು. ಸಿಮೆಂಟಿನ ಚೀಲ ಅಲ್ಲೇ ಮೂಲೆಯಲ್ಲಿತ್ತು. ಅಣ್ಣ ಅದರ ಕಡೆ ನೋಡಲಿಲ್ಲ.

ಎರಡು ದಿನದಲ್ಲಿ ಗೋಡೆ ಎದ್ದಿತು. ಆಕಾಶದಲ್ಲಿ ಮೋಡವೂ ಎದ್ದಿತು. ಅಣ್ಣ ಒಲೆಯ ಮುಂದೆ ನಿಂತು, “ಹೊಟ್ಟು ಸುರೀರಿ, ಫುಲ್ ಉರಿ ಕೊಡ್ರಿ” ಅಂದ.

“ಆಗಂಗಿಲ್ಲ. ನಾಕು ದಿನ ಸಣ್ಣ ಉರಿ,” ಅಂದಳು ಹುಲಿಗೆಮ್ಮ.

“ನಾಕು ದಿನಾ? ಮಳಿ ಬಂದ್ರ ರೈತರಿಗೆ ನಾನೇನು ಹೇಳ್ಲಿ?”

“ಬಾಣಂತಿಗೆ ಮೊದಲ ದಿನಾನ ಹೋಳಿಗಿ ಊಟ ಹಾಕ್ತೀರೇನ್ರಿ? ಗೋಡೆ ಹಸಿ ಐತಿ. ಜಲ್ದಿ ಮಾಡಿದ್ರ ಒಳಗಿನ ನೀರು ಹಬಿಯಾಗಿ ಇಟ್ಟಂಗಿ ಒದ್ದು ಕೆಡವತೈತಿ. ಆಮ್ಯಾಲ ನಾಕು ದಿನ ಅಲ್ಲ, ಎರಡು ತಿಂಗಳು.”

ಅಣ್ಣ ಮತ್ತೆ ಆಕಾಶ ನೋಡಿದ. ದಾರಿ ಹೊಳೆದದ್ದು ಬುಕ್ಕಸಾಗರದ ರೈತ ಈರಣ್ಣನವರಿಗೆ. ಅಂಗಳದಲ್ಲಿ ಎಲ್ಲರಿಗಿಂತ ದೊಡ್ಡ ರಾಶಿ ಅವರದೇ. ಕಳೆದುಕೊಳ್ಳುವುದಾದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರೂ ಅವರೇ. ಅವರು ಹೆಗಲ ಮೇಲಿನ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡರು. “ಆಯಮ್ಮ ಹೇಳೋದು ಖರೆ ಐತಿ ವಿರೂಪಣ್ಣ. ನೆಲ್ಲು ಹರವೋಣ. ಅಂಗಳ ಐತಿ, ಬಿಸಿಲು ಇದ್ದಷ್ಟು ಐತಿ, ಕಾಲು ಅದಾವ.” (ನೆಲ್ಲು ಅಂದರೆ ಭತ್ತ. ನಮ್ಮ ಕಡೆ ಹಾಗೇ ಅನ್ನುವುದು.)

ನಾಲ್ಕು ದಿನ ಇಡೀ ಮಿಲ್ಲು ಬರಿಗಾಲಲ್ಲಿ ನಡೆಯಿತು. ರೈತರು, ಹಮಾಲರು, ಅತ್ತಿಗೆ, ನಾನು, ಎಲ್ಲರೂ ಹರವಿದ ಭತ್ತವನ್ನು ಕಾಲಿನಿಂದ ಗೆರೆ ಎಳೆಯುತ್ತಾ ತಿರುವಿ ಹಾಕಿದೆವು. ಮೋಡ ಕವಿದರೆ ತಾಡಪಾಲು ಎಳೆಯುವುದು, ಸರಿದರೆ ತೆಗೆಯುವುದು. ಎರಡನೇ ದಿನ ನಾಲ್ಕು ಹನಿ ಬಿತ್ತು. ಅಣ್ಣನ ಮುಖದಲ್ಲಿ ಜೀವವಿರಲಿಲ್ಲ. ನನ್ನ ಕಾಲು ಒಂದು ವಾರ ತುರಿಸಿತು. ಒಲೆಯಲ್ಲಿ ಮಾತ್ರ ಮೊದಲ ದಿನ ನಾಲ್ಕು ಸೌದೆ, ಮರುದಿನ ಎಂಟು, ಆಮೇಲೆ ಹಿಡಿ ಹಿಡಿ ಹೊಟ್ಟು. ಹುಲಿಗೆಮ್ಮ ದಿನಾ ಹೊಸಪೇಟೆಯಿಂದ ಬೆಳಗಿನ ಬಸ್ಸಿಗೆ ಬಂದು, ಗೋಡೆಗೆ ಹೊರಗಿನಿಂದ ಅಂಗೈ ಇಟ್ಟು ನೋಡಿ, ‘ಇನ್ನೊಂದೀಟು’ ಅನ್ನುತ್ತಿದ್ದಳು.

ಐದನೇ ದಿನ ಪೂರ್ತಿ ಉರಿ. ರಾಜಾಸಾಬ್ ಇಣುಕುಕಿಂಡಿಯಿಂದ ನೋಡಿ ಪಕ್ಕಕ್ಕೆ ಸರಿದ. ಅಣ್ಣ ನೋಡಿದ. ನಾನೂ ನೋಡಿದೆ. ಒಳಗೆ ಕರಿ ಇಟ್ಟಿಗೆಗಳೆಲ್ಲ ಕೆಂಪಗೆ ಕಾದು, ಒಂದೂ ಅಲುಗದೆ ನಿಂತಿದ್ದವು. ಸಂಜೆಗೆ ಡ್ರೈಯರ್ ತಿರುಗತೊಡಗಿತು. ರಾತ್ರಿಯೇ ಮಳೆ ಹೊಡೆಯಿತು. ಈರಣ್ಣನವರದೂ ಸೇರಿ ಎಲ್ಲರ ಭತ್ತ ಒಳಗಿತ್ತು.

ನನಗೆ ಹೆಮ್ಮೆಯಾಯಿತು. ಮುಚ್ಚಿಡುವುದೇಕೆ? ನಮ್ಮ ಸೀಮೆಯ ಬಗ್ಗೆ ಹೊರಗಿನವರು ಬರೆಯುವುದೇ ಎರಡು ವಿಷಯ, ಹಂಪಿಯ ಕಲ್ಲು ಮತ್ತು ಗಣಿಯ ಧೂಳು. ಉಕ್ಕಿನ ಬೇಡಿಕೆ ಏರಿದಾಗ ಒಂದು ಕೆಲಸ, ಇಳಿದಾಗ ಇನ್ನೊಂದು ಕೆಲಸ ಅಂತ ಕೈಯ ವಿದ್ಯೆಯನ್ನೇ ನಂಬಿ ನಿಂತವರ ಬಗ್ಗೆ ಯಾರೂ ಬರೆಯುವುದಿಲ್ಲ. ಮೊದಲ ಪಂಕ್ತಿಯವರು ಎದ್ದುಹೋದ ಮೇಲೆ ನಮಗೆ ಊಟ ಬಡಿಸಿದ್ದು ಇಂಥವರೇ.

ಹೋದ ವಾರ ಅಣ್ಣ ಹುಲಿಗೆಮ್ಮನನ್ನು ಊಟಕ್ಕೆ ಕರೆದಿದ್ದ. “ಬರ್ರಿ, ಕುಂದ್ರಿ” ಅಂತ ಕುರ್ಚಿ ಎಳೆದು ಹಾಕಿದ. ಊಟವಾದ ಮೇಲೆ ಬಾಯ್ಲರ್ ಕಡೆ ಕರೆದುಕೊಂಡು ಹೋದ. ಒಲೆಯ ಬಾಗಿಲ ಪಕ್ಕದ ಗೋಡೆಗೆ ಪೇಂಟರ್ ಕೈಯಲ್ಲಿ ದೊಡ್ಡದಾಗಿ ಬರೆಸಿದ್ದ. ‘ಇಟ್ಟಿಗೆ ಆರಿಸಿದವರು: ಹುಲಿಗೆಮ್ಮ, ಸಂಡೂರು. ಕಟ್ಟಿದವರು: ರಾಜಾಸಾಬ್ ಮಿಸ್ತ್ರಿ, ಕಂಪ್ಲಿ.’

ಆಕೆ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಖುಷಿಪಡುತ್ತಾಳೆ ಅಂತ ನಾವೆಲ್ಲ ಕಾದೆವು.

“ತಾರೀಖು ಎಲ್ಲೈತ್ರಿ?”

“ಯಾವ ತಾರೀಖು?”

“ಉರಿ ಹಚ್ಚಿದ ತಾರೀಖು. ಎಷ್ಟು ದಿನ ತಡೀತು ಅಂತ ನಾಳೆ ಗೊತ್ತಾಗಬೇಕಲ್ಲ. ಜಲ್ದಿ ಬಿತ್ತಂದ್ರ ನೀವು ನನ್ನ ಕರದು ಕೇಳಬೇಕಲ್ಲ.”

ಅಣ್ಣ ಅಲ್ಲೇ ಪೇಂಟರ್‌ಗೆ ಫೋನ್ ಮಾಡಿದ.

ಗೋಡೆಯ ಮೇಲೆ ಹೆಸರು ಬರೆಸಿಕೊಳ್ಳಲು ನಾವೆಲ್ಲರೂ ತಯಾರು; ಅದರ ಪಕ್ಕ ತಾರೀಖನ್ನೂ ಹಾಕಿ ಅನ್ನುವ ಎದೆಗಾರಿಕೆ ನಮ್ಮಲ್ಲಿ ಎಷ್ಟು ಜನಕ್ಕಿದೆ?