ಬಚ್ಚಲಿಗೆ ಬಂದ ಕತ್ತೆಹುಲಿ

ನಾನು ಈಗ ಹೇಳೋದನ್ನ ನೀವು ನಂಬಲ್ಲ. ಪರವಾಗಿಲ್ಲ, ನನಗೆ ಅಭ್ಯಾಸ ಆಗಿದೆ. ನಮ್ಮ ಬೀದೀಲಿ ನನಗೆ ಇಟ್ಟಿರೋ ಹೆಸರೇ ಪುಳುಗುಮೂಟೆ. ಪುಳುಗು ಅಂದ್ರೆ ಸುಳ್ಳು, ಅದೂ ಸಾದಾ ಸುಳ್ಳಲ್ಲ, ಒಗ್ಗರಣೆ ಹಾಕಿದ ಸುಳ್ಳು. ಆದ್ರೆ ಆವಾಗ, ನನಗೆ ಹದಿಮೂರು ನಡೀತಿದ್ದಾಗ, ನಾನು ಹೇಳಿದ್ರಲ್ಲಿ ಮುಕ್ಕಾಲು ಪಾಲು ನಿಜ. ಮಿಕ್ಕಿದ ಕಾಲು ಪಾಲೇ ನನ್ನನ್ನ ಮುಳುಗಿಸಿದ್ದು.

ನಮ್ಮಪ್ಪ ತಿರುಪ್ಪೂರಲ್ಲಿ ಬನಿಯನ್ ಕಂಪನಿಯ ಕಟಿಂಗ್ ಮಾಸ್ಟರ್ ಆಗಿದ್ರು. ಇಥಿಯೋಪಿಯಾದಲ್ಲಿ ಯಾವುದೋ ಹೊಸ ಕಂಪನಿಗೆ ಕೆಲಸ ಕಲಿಸೋರು ಬೇಕು ಅಂತ ಕರೆದ್ರು. ತಾತ ಬೇಡ ಅಂದ್ರೂ ಕೇಳದೆ ಹೋದ್ರು, ಆಮೇಲೆ ಅಮ್ಮನ್ನೂ ನನ್ನನ್ನೂ ಕರೆಸ್ಕೊಂಡ್ರು. ಎರಡು ವರ್ಷ ಆದ ಮೇಲೆ ಅಲ್ಲಿ ಮಳೆಗಾಲದ ರಜ ಬಂತು. ಅಮ್ಮ, ನಾನು ಮಾತ್ರ ತಿರುಪ್ಪೂರ್ ಪಕ್ಕದ ಅವಿನಾಶಿಗೆ, ತಾತನ ಮನೆಗೆ ಬಂದ್ವಿ. ಎರಡು ತಿಂಗಳಿದ್ದು ವಾಪಸ್ ಹೋಗೋದು ಅಂತ ಮಾತು. ಅಲ್ಲಿ ನನಗೆ ಸೆಲಾಮ್ ಅಂತ ಒಬ್ಬಳು ಫ್ರೆಂಡ್. "ಸ್ಕೂಲ್ ತೆಗೆಯೋ ದಿನ ನಿನ್ನ ಮನೆ ಬಾಗಿಲಲ್ಲಿ ನಿಂತಿರ್ತೀನಿ" ಅಂತ ಅವಳ ಕೈ ಹಿಡ್ಕೊಂಡು ಹೇಳಿ ಬಂದಿದ್ದೆ. ಒಗ್ಗರಣೆ ಹಾಕದೆ ನಾನು ಆಡಿದ ಮಾತು ಅದೊಂದೇ ಇರಬೇಕು.

ಅವಿನಾಶಿಗೆ ಬಂದಾಗ ಆಡಿ ತಿಂಗಳ, ಅಂದ್ರೆ ಆಷಾಢದ ಗಾಳಿ. ಬಾಯಿ ತೆಗೆದ್ರೆ ಒಂದು ಹಿಡಿ ಮಣ್ಣು ಒಳಗೆ ಹೋಗೋದು. ಆದ್ರೂ ನಾನು ಬಾಯಿ ಮುಚ್ಚಲಿಲ್ಲ. ಸಂಜೆ ಸ್ಕೂಲ್ ಬಿಟ್ಟ ತಕ್ಷಣ ಚಿಕ್ಕಪ್ಪನ ಮಗ ದಿನೇಶ ಬೀದಿ ಮಕ್ಕಳನ್ನೆಲ್ಲ ಹೊಡ್ಕೊಂಡು ಬರೋನು. ನಾನು ಮನೆ ಮುಂದಿನ ತಿಣ್ಣೆ ಮೇಲೆ, ಅವರೆಲ್ಲ ಕೆಳಗೆ. ಅಜ್ಜಿ ಹುರಿದ ಕಡಲೆಕಾಯಿ ಮುಗಿಯೋವರೆಗೂ ನಾನೇ ಮಹಾರಾಣಿ.

"ಅಲ್ಲಿ ವರ್ಷಕ್ಕೆ ಹದಿಮೂರು ತಿಂಗಳು ಕಣೋ."

"ಪೋ ಅಕ್ಕಾ!"

"ಹದಿಮೂರನೇದಕ್ಕೆ ಐದೇ ದಿನ. ಬೆಳಗ್ಗೆ ಏಳು ಗಂಟೆಗೆ ಅಲ್ಲಿ ಒಂದು ಗಂಟೆ ಅಂತಾರೆ, ಸೂರ್ಯ ಹುಟ್ಟಿದ ಮೇಲಿಂದ ಎಣಿಸ್ತಾರೆ. ಸ್ಕೂಲಿಗೆ ಎರಡು ಗಂಟೆಗೆ ಬಾ ಅಂದಿದ್ರು. ನಾವು ಮಧ್ಯಾಹ್ನದ ಊಟ ಮಾಡಿ, ಜಡೆ ಹಾಕ್ಕೊಂಡು, ಪೌಡರ್ ಬಳ್ಕೊಂಡು ಹೋದ್ರೆ ಸ್ಕೂಲೇ ಬಿಟ್ಟು ಎಲ್ಲಾ ಮನೆಗೆ ಹೊರಟಿದ್ರು!"

ಇದೆಲ್ಲ ಸತ್ಯ. ಕಣ್ಣಾಣೆ ಸತ್ಯ. ಒಬ್ಬನೂ ನಂಬಲಿಲ್ಲ. ದಿನೇಶ ಹೊಟ್ಟೆ ಹಿಡ್ಕೊಂಡು ನಕ್ಕ, ಪುಳುಗುಮೂಟೆ ಅಂತ ಹೆಸರಿಟ್ಟ. ನನಗೆ ರೋಷ ಬಂತು. ನಿಜ ಹೇಳಿದ್ರೆ ನಗ್ತೀರಾ, ಇರಿ, ತಗೊಳ್ಳಿ ಅಂತ ಕತ್ತೆಹುಲಿ ಬಿಟ್ಟೆ.

ಪುಸ್ತಕದ ಕನ್ನಡದಲ್ಲಿ ಅದು ಕತ್ತೆಕಿರುಬ. ತಮಿಳುನಾಡಲ್ಲಿರೋ ಕನ್ನಡದವರು ನಾವು, ಮನೇಲಿ ತಮಿಳಿನವರ ಹಾಗೆ ಕತ್ತೆಹುಲಿ ಅಂತೀವಿ. ನಿಜ ಏನಂದ್ರೆ ಅಲ್ಲಿ ಊರಾಚೆ ಕಸದ ಗುಡ್ಡೆಗೆ ಅವು ಬರ್ತಾವೆ. ಒಂದು ಸಲ ಮಾಡಿ ಮೇಲಿಂದ ದೂರದಲ್ಲಿ ಎರಡು ನೋಡಿದ್ದೆ, ನಾಯಿನೋ ಅದೋ ಅಂತ ಈಗಲೂ ಗ್ಯಾರಂಟಿ ಇಲ್ಲ. ತಿಣ್ಣೆ ಮೇಲೆ ಅದು ನಮ್ಮ ಬಚ್ಚಲಿಗೇ ಬಂತು.

"ಮುಖಕ್ಕೆಲ್ಲ ಸೋಪು ನಂದು. ಕಣ್ಣು ಬಿಟ್ಟು ನೋಡ್ತೀನಿ, ಬಕೆಟ್ ನೀರು ಕುಡೀತಾ ನಿಂತೈತೆ! ಮಗ್ ತಗೊಂಡು ತಲೆ ಮೇಲೆ ಒಂದು ಬಿಟ್ಟೆ. ಅದು ಏನು ಮಾಡ್ತು ಗೊತ್ತಾ? ನಕ್ಕಿತು."

ದಿನೇಶ ಮೆಲ್ಲಗೆ ಕೇಳಿದ, "ಮಗ್ ಯಾವ ಕಲರ್ ಅಕ್ಕಾ?"

"ನೀಲಿ."

ಅಷ್ಟೇ, ಎಲ್ಲರೂ ನಂಬಿಬಿಟ್ರು. ತೊಂದರೆ ಏನಂದ್ರೆ, ಬಾಗಿಲ ಹಿಂದೆ ಚಿಕ್ಕ ಈರುಳ್ಳಿ ಸುಲೀತಿದ್ದ ಅಜ್ಜಿನೂ ನಂಬಿದ್ಲು. ಹಿಂದೆ ಚಿಕ್ಕಪ್ಪನ ಪವರ್‌ಲೂಮ್ ಸದ್ದು. ಆ ಸದ್ದಲ್ಲಿ ಅವಳ ಕಿವಿಗೆ ಕತ್ತೆ ಬೀಳಲಿಲ್ಲ, ಹುಲಿ ಮಾತ್ರ ಬಿತ್ತು.

ಅಜ್ಜಿ ಈರುಳ್ಳಿ ಕೈಯಲ್ಲೇ ಓಡಿ ಬಂದು ನನ್ನ ಕೆನ್ನೆ ಹಿಡಿದ್ಲು. ಮುದ್ದು ಬಂದ್ರೆ ನನ್ನನ್ನ ಕಣ್ಣು ಅಂತಾಳೆ. "ಹುಲಿ ಬಂತಾ ಕಣ್ಣು? ನಿಜವಾಗ್ಲೂ ಬಂತಾ?"

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಆ ದೇಶದಲ್ಲಿ ಹೌದು ಅನ್ನೋಕೆ ಬಾಯೇ ಬೇಡ. ಉಸಿರನ್ನ ಚಕ್ಕಂತ ಒಳಗೆ ಎಳ್ಕೋತಾರೆ, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ಹೋದ ಹೊಸದರಲ್ಲಿ ಟೀಚರ್ ಹತ್ರ ನೀರು ಕುಡೀಲಾ ಅಂತ ಕೇಳಿದ್ರೆ ಅವರು ಹಾಗೆ ಎಳ್ಕೊಂಡ್ರು. ನೀರಲ್ಲಿ ಏನೋ ಬಿದ್ದಿದೆ ಅಂದ್ಕೊಂಡು ನಾನು ಆವತ್ತು ಪೂರ್ತಿ ಬಾಯಾರ್ಕೊಂಡು ಕೂತೆ. ಎರಡು ವರ್ಷದಲ್ಲಿ ಅದು ನನಗೂ ಅಂಟಿತ್ತು. ಅವಿನಾಶಿಗೆ ಬಂದ ದಿನ ಅಜ್ಜಿ "ಅಪ್ಪ ಚೆನ್ನಾಗಿದಾನಾ?" ಅಂತ ಕೇಳಿದಾಗ ನಾನು ಹಾಗೆ ಎಳ್ಕೊಂಡಿದ್ದೆ, ಅವಳ ಕೈಲಿದ್ದ ನೀರಿನ ಸೊಂಬು ಬಿದ್ದುಹೋಗಿತ್ತು. ಮಗುಗೆ ಭಯ ಹಿಡಿದೈತೆ ಅಂತ ಅವಳು ಆವತ್ತಿಂದ್ಲೇ ಲೆಕ್ಕ ಹಾಕ್ತಿದ್ಲಂತೆ.

ಈಗ ಕೆಳಗೆ ಹನ್ನೊಂದು ಮಕ್ಕಳು ನನ್ನನ್ನೇ ನೋಡ್ತಿದ್ರು. ಇಲ್ಲ ಅಜ್ಜಿ ಅಂದ್ರೆ ಮರ್ಯಾದೆ ಹೋಗ್ತದೆ. ಯೋಚನೆ ಮಾಡೋಕೆ ಮುಂಚೆ ಉಸಿರು ಒಳಗೆ ಹೋಗಿಬಿಡ್ತು.

"ನೋಡಿದ್ರಾ! ಹೆಸರು ಎತ್ತಿದ್ರೇ ಮಗು ಹೆಂಗೆ ಬೆಚ್ಚಿ ಬೀಳ್ತದೆ ನೋಡಿದ್ರಾ!" ಅಂತ ಅಜ್ಜಿ ಬೀದಿಗೇ ಕೇಳೋ ಹಾಗೆ ಕೂಗಿದ್ಲು.

ಉಪ್ಪು ಮೆಣಸಿನಕಾಯಿ ಸುತ್ತಿ ಒಲೆಗೆ ಹಾಕಿದ್ಲು. ಮನೆಯೆಲ್ಲ ಕೆಮ್ಮಿತು. ಹಣೆಗೆ ಬಳಿದ ವಿಬೂದಿ ಮೂಗಿಗೂ ಹೋಯ್ತು. ಆಮೇಲೆ ಅಮ್ಮನ ಬ್ಯಾಗಿಂದ ನನ್ನ ಪಾಸ್‌ಪೋರ್ಟ್ ತೆಗೆದು ಬೀರೋ ಒಳಗಿಟ್ಟು, ಕೀ ಸೊಂಟಕ್ಕೆ ಸಿಕ್ಕಿಸಿದ್ಲು. "ನನ್ನ ಮಗ ಬೇಕಾದ್ರೆ ಅಲ್ಲೇ ದುಡೀಲಿ. ನನ್ನ ಮೊಮ್ಮಗಳು ಇಲ್ಲೇ ಓದ್ಲಿ."

ವಾಪಸ್ ಹೊರಡೋಕೆ ಹನ್ನೆರಡು ದಿನ ಇತ್ತು. ಅಜ್ಜಿ ಕಾಲು ಹಿಡ್ಕೊಂಡು ಹೇಳಿದೆ, "ಅಜ್ಜಿ, ಹುಲಿನೂ ಇಲ್ಲ, ಎಂಥದೂ ಇಲ್ಲ. ಪುಳುಗು ಬಿಟ್ಟೆ."

"ಹೋಗೋ ಆಸೆಗೆ ಈಗ ಸುಳ್ಳು ಹೇಳ್ತೀಯಾ ಕಣ್ಣು?"

ಆ ದ್ರೋಹಿ ದಿನೇಶ ಪಕ್ಕದಿಂದ, "ಮಗ್ ನೀಲಿ ಅಂತ ಕಲರ್ ಸಮೇತ ಹೇಳಿದ್ಲು ಅಜ್ಜಿ" ಅಂದ. ಅಷ್ಟಕ್ಕೇ ಬಿಡಲಿಲ್ಲ. ಚಿಕ್ಕಪ್ಪನ ಫೋನಲ್ಲಿ ಹುಡುಕಿ ಒಂದು ವಿಡಿಯೋ ತೋರಿಸಿದ. ಅದೇ ದೇಶ, ಅದೇ ಕತ್ತೆಹುಲಿ, ಒಬ್ಬ ಮನುಷ್ಯ ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಅದಕ್ಕೆ ಮಾಂಸ ತಿನ್ನಿಸ್ತಿದಾನೆ. ನಾನು ಪುಳುಗನ್ನ ಎಷ್ಟು ಎಳೆದಿದ್ರೂ ಅಷ್ಟು ದೂರ ಎಳೀತಿರಲಿಲ್ಲ. ಅಜ್ಜಿ ಎದೆ ಮೇಲೆ ಕೈ ಇಟ್ಕೊಂಡು ಕೂತುಬಿಟ್ಲು.

ದಿನ ಕಳೀತಾ ಬಂತು. ಅಮ್ಮ ಇದಕ್ಕೆಲ್ಲ ಒಂದು ಮಾತೂ ಆಡಲಿಲ್ಲ. ಯಾವಾಗ ನೋಡಿದ್ರೂ ಹಿತ್ತಲಲ್ಲಿ ಫೋನ್ ಹಿಡ್ಕೊಂಡು ನಿಂತಿರೋಳು. ಇನ್ನು ಮೂರೇ ದಿನ ಇದೆ ಅನ್ನೋವಾಗ, ಭಾನುವಾರ ಬೆಳಗ್ಗೆ, ತಾತ ನನ್ನನ್ನ ಮುಂದಿನ ರೂಮಿಗೆ ಕರೆದ್ರು.

ಆ ರೂಮಲ್ಲಿ ಮುಂಚೆ ತಾತನ ಕೈಮಗ್ಗ ಇತ್ತು. ಕಾಲು ಇಳಿಬಿಟ್ಟು ಕೂರೋ ಗುಂಡಿಗೆ ಈಗ ಕಡಪ ಕಲ್ಲು ಮುಚ್ಚಿದೆ. ಆ ಕಲ್ಲಿನ ಮೇಲೇ ತಾತ ಕೂತಿದ್ರು. ಅಜ್ಜಿ ಬಾಗಿಲಿಗೆ ಒರಗಿ ನಿಂತಿದ್ಲು, ಸೊಂಟದಲ್ಲಿ ಕೀ.

"ನೀನು ಹೇಳಿದ್ರಲ್ಲಿ ಯಾವುದು ನಿಜ, ಯಾವುದು ಪುಳುಗು ನನಗೆ ತಿಳೀತಿಲ್ಲ" ಅಂದ್ರು ತಾತ. "ಕಳಿಸಬೇಕಾದ್ರೆ ನಿನ್ನ ಮಾತು ನಂಬಬೇಕು. ಫೋನ್ ಬೇಡ. ನಾನೇ ನೋಡಿ ತಿಳ್ಕೊಳ್ಳೋ ಹಾಗೆ ಒಂದು ನಿಜ ಹೇಳು. ಒಂದೇ ಒಂದು."

ಅಷ್ಟು ದಿನ ಬಾಯಿ ಬಡ್ಕೊಂಡವಳಿಗೆ ಆವಾಗ ಒಂದಕ್ಷರ ಹೊಳೀಲಿಲ್ಲ. ಹದಿಮೂರು ತಿಂಗಳನ್ನ ತಾತ ಎಲ್ಲಿ ನೋಡ್ತಾರೆ? ಅಲ್ಲಿನವರು ಅನ್ನದ ಬದಲು ತಿನ್ನೋ, ನಮ್ಮ ಹಾಸಿಗೆ ಅಷ್ಟಗಲ ಇರೋ ಹುಳಿ ದೋಸೇನ ಎಲ್ಲಿಂದ ತರ್ಲಿ? ಹೊದ್ಕೊಂಡಿದ್ದ ಬಿಳಿ ಶಾಲಿನ ತುದಿ ತಿರುಚ್ತಾ ನಿಂತೆ. ನಾನು ಹೊರಡೋವಾಗ ಸೆಲಾಮ್ ತನ್ನ ಹೆಗಲಿಂದ ತೆಗೆದು ಹೊದಿಸಿದ ಶಾಲು ಅದು.

ತಾತ ಕೈ ಚಾಚಿ ಅದರ ಅಂಚು ಹಿಡಿದ್ರು. ಬೆಳಕಿಗೆ ಎತ್ತಿದ್ರು. ಹೆಬ್ಬೆರಳಲ್ಲಿ ಉಜ್ಜಿದ್ರು.

"ಇದು ಕೈಮಗ್ಗದ್ದು. ನೆಯ್ಯೋರನ್ನ ಅಲ್ಲಿ ನೋಡಿದೀಯಾ?"

"ಸೆಲಾಮ್ ಮನೆಗೆ ಹೋಗೋ ದಾರೀಲಿ ಒಬ್ಬರು ತಾತ ನೆಯ್ತಾರೆ. ದಿನಾ ನೋಡ್ತಿದ್ದೆ."

"ಎಲ್ಲಿ ಕೂತು?"

"ನೆಲದಲ್ಲೇ. ಕಾಲು ಗುಂಡಿ ಒಳಗೆ. ನಿಮ್ಮ ಹಾಗೇ."

ತಾತ ಶಾಲಿನ ಅಂಚು ಬಿಡದೆ ಕೇಳಿದ್ರು, "ಇದನ್ನ ಯಾಕೆ ಹೇಳಲೇ ಇಲ್ಲ?"

"ಇದರಲ್ಲಿ ಹೇಳೋದೇನು ತಾತ? ನಮ್ಮ ಮನೇಲೂ ಇತ್ತಲ್ಲ."

"ಲಾಳಿ? ಹಗ್ಗ ಎಳೆದು ಓಡಿಸ್ತಾನಾ?"

"ಇಲ್ಲ, ಕೈಯಲ್ಲೇ ಈ ಕಡೆಯಿಂದ ಆ ಕಡೆ ಎಸೀತಾರೆ."

"ಕಾಲಡಿ ತುಳಿಯೋ ಮಣೆ ಎಷ್ಟು?"

ಅವರ ಮಗ್ಗದ ಹಾಗೇ ಮಣೆ ಎರಡು ಅಂದುಬಿಟ್ರೆ ತಾತನಿಗೆ ಖುಷಿ ಆಗ್ತದೆ ಅಂತ ಗೊತ್ತು. ಬಾಯಿವರೆಗೂ ಬಂದಿತ್ತು. ನುಂಗಿದೆ.

"ಮಣೆ ಇಲ್ಲ ತಾತ. ಹಗ್ಗದ ತುದೀಲಿ ಗುಂಡಗೆ ಏನೋ ಕಟ್ಟಿರ್ತಾರೆ. ಅದನ್ನ ಕಾಲಿನ ಹೆಬ್ಬೆರಳ ಸಂದೀಲಿ ಸಿಕ್ಕಿಸ್ಕೊಂಡು ಎಳೀತಾರೆ."

"ಪೊಯ್ಯಿ, ಬರೀ ಸುಳ್ಳು" ಅಂದ್ಲು ಅಜ್ಜಿ. ತಾತ ಅವಳಿಗೆ ಕೈ ತೋರಿಸಿ ಸುಮ್ಮನಿರಿಸಿದ್ರು. ಆಮೇಲೆ ತಮ್ಮ ಕಾಲನ್ನೇ ನೋಡ್ಕೊಂಡ್ರು. ಹೆಬ್ಬೆರಳನ್ನ ಅಗಲಿಸಿದ್ರು, ಮುಚ್ಚಿದ್ರು. ಬಲಗಾಲು ಕೆಳಗೆ, ಎಡಗಾಲು ಮೇಲೆ. ಕೈ ತಾನಾಗೇ ಎದೆ ಮುಂದೆ ಬಂದು ಇಲ್ಲದ ಲಾಳಿ ಹಿಡೀತು. ಒಂದು ನಿಮಿಷ ಅವರು ನಮ್ಮ ಜೊತೆ ಆ ರೂಮಲ್ಲಿ ಇರಲಿಲ್ಲ.

"ಆಗ್ತದೆ" ಅಂದ್ರು ಕೊನೆಗೆ. "ಹಂಗೆ ನೇಯಬಹುದು. ಇದು ಪುಳುಗಲ್ಲ. ಮಗ್ಗ ಹತ್ತದ ಹುಡುಗಿಗೆ ಇದನ್ನ ಕಟ್ಟಿ ಹೇಳೋಕಾಗಲ್ಲ." ಅಜ್ಜಿ ಕಡೆ ತಿರುಗಿ, "ಬೀರೋ ತೆಗಿ" ಅಂದ್ರು.

ಅಜ್ಜಿ ಗೊಣಗ್ತಾ ಕೀ ಬಿಚ್ಚಿದ್ಲು. ನನಗೆ ಕುಣೀಬೇಕು ಅನ್ನಿಸ್ತು, ಆದ್ರೆ ತಾತ ನನ್ನ ಮಣಿಕಟ್ಟು ಹಿಡಿದಿದ್ರು.

"ಹೋಗು. ಆದ್ರೆ ಆ ನೇಕಾರನ ಹತ್ರ ನನಗೋಸ್ಕರ ಒಂದು ಕೇಳ್ಕೊಂಡು ಬಾ. ನಾವು ಪಾವಿಗೆ, ಅದೇ ಉದ್ದಕ್ಕೆ ಹಾಸೋ ನೂಲಿಗೆ, ಅಕ್ಕಿ ಗಂಜಿ ಹಾಕ್ತಿದ್ವಿ, ಹರೀದೇ ಇರ್ಲಿ ಅಂತ. ಆ ಊರಲ್ಲಿ ಅಕ್ಕಿ ತಿನ್ನಲ್ಲ ಅಂತೀಯಲ್ಲ. ಅವನು ಏನು ಗಂಜಿ ಹಾಕ್ತಾನೆ? ಬರ್ಕೊಂಡು ಬಾ, ಏನಾ?"

"ಬೀರೋ ತೆಗೀಬೇಡಿ ಅತ್ತೆ."

ಹಿತ್ತಲ ಬಾಗಿಲಿಂದ ಅಮ್ಮ ಬಂದ್ಲು. ಕೈಯಲ್ಲಿ ಫೋನ್. ಅವಳು ನನ್ನ ಕಡೆ ನೋಡಲಿಲ್ಲ, ತಾತನ ಕಡೆ ನೋಡಿದ್ಲು.

"ಮಾವಾ, ನಿಮ್ಮ ಮಗನ ಕಂಪನಿ ಮುಚ್ಚಿ ಹತ್ತು ದಿನ ಆಯ್ತು. ನೀವು ಅವತ್ತೇ ಬೇಡ ಅಂದಿದ್ರಿ ಅಂತ ಅವರಿಗೆ ನಾಚಿಕೆ. ಬಂದು ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದ್ರು. ಮನೆ ಖಾಲಿ ಮಾಡಿದಾರೆ. ಬುಧವಾರ ಬರ್ತಾರೆ. ಇವಳು ಇಷ್ಟು ಒದ್ದಾಡೋದನ್ನ ಇನ್ನು ನೋಡೋಕಾಗಲ್ಲ ನನಗೆ."

"ಅಮ್ಮಾ, ಸೆಲಾಮ್‌ಗೆ ಬರ್ತೀನಿ ಅಂದಿದೀನಿ" ಅಂದೆ.

"ಗೊತ್ತು ಕಣ್ಣು" ಅಂದ್ಲು ಅಮ್ಮ. ತಾತ ನನ್ನ ಮಣಿಕಟ್ಟು ಬಿಟ್ರು.

ಈಗ ಮೂರು ವರ್ಷ ಆಯ್ತು. ಸೆಲಾಮ್ ಮೊದಮೊದಲು ದಿನಾ ಮೆಸೇಜ್ ಹಾಕೋಳು, ಆಮೇಲೆ ಹಬ್ಬಕ್ಕೆ, ಈಗ ಅದೂ ಇಲ್ಲ. ಅವಳ ಭಾಷೆ ನನ್ನ ಬಾಯಿಂದ ಜಾರಿಹೋಗ್ತಿದೆ. ಆ ನೇಕಾರರ ಹೆಸರು ನಾನು ಕೇಳಿರಲೇ ಇಲ್ಲ. ಎರಡು ವರ್ಷ ದಿನಾ ಅವರ ಮುಂದೇನೇ ಓಡಿದ್ದೆ, ಒಂದು ಸಲ ನಿಂತು ಮಾತಾಡಿಸಿರಲಿಲ್ಲ. ತಾತ ಆಗಾಗ, ಬೇರೆ ಏನೋ ಮಾತಾಡ್ತಾ, "ಜೋಳದ ಗಂಜಿ ಇರಬಹುದಾ?" ಅಂತಾರೆ. ಹ್ಞೂಂ ತಾತ, ಜೋಳದ್ದೇ, ನಾನೇ ನೋಡಿದೆ ಅಂತ ಒಂದು ಕಟ್ಟಿ ಹೇಳೋದು ನನಗೆ ಯಾವ ಲೆಕ್ಕ? ಸಂತೋಷ ಪಡ್ತಾರೆ ಪಾಪ. ಆದ್ರೆ ಬಾಯಿಗೆ ಬರಲ್ಲ. "ಗೊತ್ತಿಲ್ಲ ತಾತ" ಅಂತೀನಿ.